ಗುಂಡನ ಅಳತೆ

ಫೆಬ್ರವರಿ 3, ಸೋಮವಾರ

ಅಪ್ಪನ ನೋಟುಪುಸ್ತಕದಲ್ಲಿ ನಲವತ್ತೊಂದು ಹಾಳೆ ಖಾಲಿ ಉಳಿದಿವೆ. ಲೆಕ್ಕಕ್ಕೆಂದು ತೆಗೆದೆ. ಇವತ್ತು ಲೆಕ್ಕ ಮಾಡಲು ಏನೂ ಇಲ್ಲ, ಹಾಗಾಗಿ ಮಾತು ಬರೆಯುತ್ತಿದ್ದೇನೆ. ಅಪ್ಪ ನೋಡಿದ್ದರೆ ಸಿಡುಕುತ್ತಿದ್ದರು. ನಲವತ್ತು ವರ್ಷ ಅವರು ಇಂಥ ಪುಸ್ತಕಗಳಲ್ಲಿ ಬರೀ ಅಂಕಿ ಬರೆದರು, ಒಂದು ಮಾತೂ ಬರೆಯಲಿಲ್ಲ. ಗಾಜಿನ ಬಾಗು, ದಪ್ಪ, ಒಂದರಿಂದ ಇನ್ನೊಂದಕ್ಕೆ ಇರಬೇಕಾದ ಅಂತರ. ಅದೂ ಪೆನ್ಸಿಲಿನಲ್ಲಿ. "ಪೆನ್ನಲ್ಲಿ ಬರೆದ್ರೆ ತಪ್ಪೂ ನಿಜ ಅನ್ನಿಸಿಬಿಡುತ್ತೆ" ಅನ್ನುತ್ತಿದ್ದರು. ನಾನೂ ಪೆನ್ಸಿಲಿನಲ್ಲೇ ಬರೆಯುತ್ತಿದ್ದೇನೆ.

ಕ್ಯಾಮೆರಾ ಇವತ್ತು ಕಣ್ಣಾಸ್ಪತ್ರೆಗೆ ಹೋಯಿತು. ಅಣ್ಣನೂ ನಾನೂ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅದಕ್ಕೆ ಕಂಬಳಿ ಸುತ್ತಿ, ನಡುವೆ ಕೂರಿಸಿಕೊಂಡು, ರಸ್ತೆಯ ಒಂದೊಂದು ಗುಂಡಿಗೂ ಉಸಿರು ಬಿಗಿಹಿಡಿದು ಕರೆದುಕೊಂಡು ಹೋದೆವು.

"ಏನ್ ಸರ್ ಅದು, ಗಡಿಯಾರಾನಾ?" ಎಂದ ಡ್ರೈವರ್.

"ಕಣ್ಣೊಳಗಿನ ಫೋಟೋ ತೆಗೆಯೋದು" ಅಂದ ಅಣ್ಣ. "ಬೀಗದ ಕಿಂಡೀಲಿ ಇಣುಕಿದ್ರೆ ಎದುರುಗಡೆ ಗೋಡೆ ಮಾತ್ರ ಕಾಣುತ್ತಲ್ಲ, ಇಷ್ಟು ದಿನ ಕಣ್ಣೊಳಗೂ ಅಷ್ಟೇ ಕಾಣ್ತಿತ್ತು. ಇದ್ರಲ್ಲಿ ಅದೇ ಕಿಂಡಿಯಿಂದ ಮೂಲೆ ಮೂಲೇನೂ ಕಾಣುತ್ತೆ."

ಡ್ರೈವರ್ ಕನ್ನಡಿಯಲ್ಲಿ ಕಂಬಳಿಯನ್ನು ನೋಡಿದ. "ಹಾಗಾದ್ರೆ ಮನೇಲಿ ಇಟ್ಕೊಳ್ಳೋದು ಒಳ್ಳೇದಲ್ಲ ಬಿಡಿ."

ನಕ್ಕೆವು. ಅಪ್ಪ ಹೋಗಿ ಎಂಟು ತಿಂಗಳಾಯಿತು. ಅಣ್ಣ ನಾನು ಒಟ್ಟಿಗೆ ನಕ್ಕದ್ದು ಆಮೇಲೆ ಇದೇ ಮೊದಲಿರಬೇಕು.

ಆರು ವರ್ಷ ಅಪ್ಪ ಈ ಕ್ಯಾಮೆರಾದ ಬೆನ್ನು ಬಿದ್ದಿದ್ದರು. ಏಳು ಲೆನ್ಸು. ಏಳನೆಯದರ ಅಂಕಿ ಬರೆದಿಟ್ಟರು, ಗಾಜು ಉಜ್ಜುವ ಮೊದಲೇ ಹೋಗಿಬಿಟ್ಟರು. ಉಜ್ಜಿದವನು ಅಣ್ಣ, ಕೂಡಿಸಿದವಳು ನಾನು. ಮಾರ್ಚ್ ಕೊನೆಯೊಳಗೆ ಆಸ್ಪತ್ರೆಯವರು ಒಪ್ಪಿದರೆ ನಮ್ಮ ಕಾರ್ಖಾನೆ ಉಳಿಯುತ್ತದೆ. ಇಲ್ಲವಾದರೆ ಅಣ್ಣ ಬಾಗಿಲು ಹಾಕುತ್ತಾನೆ. ಪಕ್ಕದ ಮಂಚ-ಮೇಜಿನ ಅಂಗಡಿಯವನು ಗೋದಾಮಿಗೆ ಜಾಗ ಕೇಳಿಕೊಂಡು ಆಗಲೇ ಎರಡು ಸಲ ಬಂದು, ಗೋಡೆಗಳನ್ನು ಕಣ್ಣಲ್ಲೇ ಅಳೆದು ಹೋಗಿದ್ದಾನೆ.

ಒಪ್ಪದೆ ಏನು? ನಮ್ಮ ಹಿತ್ತಾಳೆ ಕಣ್ಣು ಗುಂಡನ ಮೇಲೆ ಪರೀಕ್ಷೆ ಮಾಡಿದ್ದೇನೆ, ನನ್ನ ಕಣ್ಣಿನ ಮೇಲೂ ಮಾಡಿದ್ದೇನೆ. ಎರಡರಲ್ಲೂ ಅಂಚಿನ ಕೂದಲೆಳೆಯಂಥ ರಕ್ತನಾಳ ಕೂಡ ಸ್ಪಷ್ಟ.

ಫೆಬ್ರವರಿ 5, ಬುಧವಾರ

ಸುದ್ದಿಯಿಲ್ಲ. ಕಾರ್ಖಾನೆ ಗುಡಿಸಿದೆ. ಕಾರ್ಖಾನೆ ಅನ್ನುವುದು ಅಪ್ಪನ ಮಾತು, ಇರುವುದು ಒಂದು ಉದ್ದನೆಯ ಕೋಣೆ. ಗಾಜು ಉಜ್ಜುವ ಎರಡು ಯಂತ್ರ, ಕೆಂಪು ಪುಡಿ ಹಿಡಿದು ತುಕ್ಕಿನ ಬಣ್ಣ ಬಂದ ಬಕೆಟ್ಟುಗಳು, ಕಪ್ಪು ಪರದೆ ಎಳೆದ ಒಂದು ಮೂಲೆ. ಕಿಟಕಿಯ ಹತ್ತಿರ ಮೇಜು, ಮೇಜಿನ ಹಿಂದೆ ಅಪ್ಪನ ಕುರ್ಚಿ. ಅದರಲ್ಲಿ ಯಾರೂ ಕೂರುವುದಿಲ್ಲ. ನನ್ನ ಜಾಗ ಪಕ್ಕದ ಸ್ಟೂಲು, ಒಂಬತ್ತನೇ ವಯಸ್ಸಿನಿಂದಲೂ ಅದೇ. ಹೋದ ತಿಂಗಳು ಅಣ್ಣ ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿದನೆಂದು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಗುಂಡನ ಮೈ ಒರೆಸಿ ಇಟ್ಟೆ. ಅಪ್ಪ ಮಾಡಿದ ಈ ಹಿತ್ತಾಳೆಯ ಕಣ್ಣಿಗೆ ಹೆಸರಿಟ್ಟವನು ಅಣ್ಣ. ನಿಂಬೆಕಾಯಿ ಗಾತ್ರ, ಎರಡು ಹೋಳು ತಿರುಪಿ ಕೂಡಿಸಿದ್ದು. ಮುಂದೆ ಪುಟ್ಟ ಗಾಜು, ಒಳಗೆ ನೀರು. ಹಿಂಗೋಡೆಗೆ ಕಿತ್ತಳೆ ಬಣ್ಣ ಬಳಿದು, ಅದರ ಮೇಲೆ ಒಂದೇ ಕೂದಲಿನ ಕುಂಚದಿಂದ ರಕ್ತನಾಳ ಬರೆದಿದ್ದಾರೆ, ನಿಜವಾದ ರೆಟಿನಾದಲ್ಲಿ ಇರುವ ಹಾಗೇ. ನಾನು ಹುಟ್ಟಿದ ವರ್ಷ ಮಾಡಿದ್ದು, ನಮ್ಮಿಬ್ಬರದೂ ಒಂದೇ ವಯಸ್ಸು. ಇಲ್ಲಿಂದ ಹೊರಟ ಒಂದೊಂದು ಕ್ಯಾಮೆರಾವೂ ಮೊದಲು ಗುಂಡನನ್ನು ನೋಡಿ, ಅವನು ಸೈ ಅಂದ ಮೇಲೆಯೇ ಹೊರಟದ್ದು.

ಚಿಕ್ಕವಳಿದ್ದಾಗ ಶಾಲೆ ಬಿಟ್ಟವಳು ನೇರ ಇಲ್ಲಿಗೇ ಬರುತ್ತಿದ್ದೆ. ಅಪ್ಪ ಪರದೆಯ ಹಿಂದೆ ಗುಂಡನ ಮುಂದೆ ಕೂತು, ತಮ್ಮ ಕನ್ನಡಕ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. "ಬೀಳಿಸ್ಬೇಡ, ಅದು ಬಿದ್ರೆ ನಿಮ್ಮಪ್ಪನೂ ಬಿದ್ದ ಹಾಗೆ." ಕನ್ನಡಕ ಬೆಚ್ಚಗಿರುತ್ತಿತ್ತು. ಹನ್ನೊಂದನೇ ವಯಸ್ಸಿಗೆ ನನಗೂ ಅಂಥದ್ದೇ ದಪ್ಪ ಕನ್ನಡಕ ಬಂತು. ಅಣ್ಣ ಸೋಡಾಬುಡ್ಡಿ ಎಂದು ಕರೆಯಲು ಶುರುಮಾಡಿದ, ಇವತ್ತಿಗೂ ಬಿಟ್ಟಿಲ್ಲ. ಅವನಿಗೂ ಅಮ್ಮನಿಗೂ ಹದ್ದಿನ ಕಣ್ಣು. ಮನೆಯಲ್ಲಿ ಎರಡು ಪಕ್ಷ, ನಾನು ಅಪ್ಪನ ಪಕ್ಷ. ಕನ್ನಡಕ ಬಂದ ದಿನ ನಾನು ಅತ್ತಿರಲಿಲ್ಲ, ಹೆಮ್ಮೆಯಿಂದ ಕಾರ್ಖಾನೆಗೆ ಓಡಿ ಬಂದಿದ್ದೆ.

ಫೆಬ್ರವರಿ 11, ಮಂಗಳವಾರ

ಆಸ್ಪತ್ರೆಯಿಂದ ಫೋನ್ ಬಂತು. ಅಂಚು ಮಸುಕಂತೆ. ಎಲ್ಲರದ್ದೂ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಫೋಕಸ್ ತಿರುಗಿಸಲು ಬರುವುದಿಲ್ಲ ಅವರಿಗೆ, ಅಷ್ಟೇ. ನಾಳೆ ಹೋಗುತ್ತೇನೆ.

ಫೆಬ್ರವರಿ 12, ಬುಧವಾರ

ಆಸ್ಪತ್ರೆಯ ಫೋಟೋ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಬೆಂಚಿನ ಮೇಲೆ, ಪಾಪೆ ಅಗಲವಾಗಲೆಂದು ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತ ಜನ. ಫೋಟೋ ತೆಗೆಯುವಾಕೆ ನನ್ನ ವಯಸ್ಸಿನವಳೇ, ಸಮಾಧಾನದ ಹೆಂಗಸು. ಇಷ್ಟು ದಿನದಲ್ಲಿ ಅರವತ್ತು ಜನರ ಫೋಟೋ ತೆಗೆದಿದ್ದಾಳೆ. ಒಂದೊಂದಾಗಿ ಪರದೆಯ ಮೇಲೆ ತೋರಿಸಿದಳು. ನಡುವೆಲ್ಲ ಚೆನ್ನಾಗಿದೆ. ಅಂಚಿಗೆ ಹೋಗುತ್ತ ಹೋಗುತ್ತ ರಕ್ತನಾಳಗಳು ನೆನೆದ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿವೆ.

"ಫೋಕಸ್ ಸರಿ ಮಾಡಿಲ್ಲ ನೀವು" ಅಂದೆ.

"ಅಂಚಿಗೆ ಸರಿ ಮಾಡಿದ್ರೆ ನಡು ಹೋಗುತ್ತೆ ಮೇಡಂ. ಎರಡೂ ಒಟ್ಟಿಗೆ ಸಿಗ್ತಾನೇ ಇಲ್ಲ."

"ನನ್ನ ಕಣ್ಣು ತೆಗೀರಿ."

ಹನಿ ಹಾಕಿಸಿಕೊಂಡು ಅರ್ಧ ಗಂಟೆ ಬೆಂಚಿನಲ್ಲಿ ಕಾದು, ಕನ್ನಡಕ ತೆಗೆದು ಕೂತೆ. ಫೋಟೋ ಬಂತು. ಅಂಚಿನಿಂದ ಅಂಚಿಗೆ, ಒಂದು ಎಳೆ ಬಿಡದೆ, ಬರೆದಿಟ್ಟ ಹಾಗೆ ಕಾಣುತ್ತಿತ್ತು. ಕೋಣೆಯಲ್ಲಿದ್ದವರೆಲ್ಲ ಪರದೆಯ ಹತ್ತಿರ ಬಾಗಿದರು.

"ನೋಡಿದ್ರಾ?" ಎಂದೆ. ಅಪ್ಪನನ್ನೇ ಗೆಲ್ಲಿಸಿದಷ್ಟು ಖುಷಿಯಾಯಿತು.

"ನಿಮಗೆ ಮಾತ್ರ ಒಲಿದಿದೆ ಅನ್ಸುತ್ತೆ" ಅಂದಳು ಆಕೆ. ವ್ಯಂಗ್ಯ.

ಡಾಕ್ಟರಮ್ಮ ತಮ್ಮ ಕೋಣೆಗೆ ಕರೆದು ಕೂರಿಸಿದರು. ಅಪ್ಪನನ್ನು ಇಪ್ಪತ್ತು ವರ್ಷದಿಂದ ಬಲ್ಲವರು. "ನಿಮ್ಮ ತಂದೆ ಮೇಲೆ ನಂಗೆಷ್ಟು ಗೌರವ ಅಂತ ನಿಮಗೇ ಗೊತ್ತು. ಆದ್ರೆ ರೆಟಿನಾ ಹರಿಯೋಕೆ ಶುರುವಾಗೋದು ಅಂಚಿಂದ. ನಡು ತೋರಿಸೋ ಕ್ಯಾಮೆರಾ ನನ್ನ ಹತ್ರ ನಾಲ್ಕಿವೆ, ನಾಲ್ಕೂ ನಿಮ್ಮವೇ. ಅಂಚು ಕಾಣದೆ ಇದ್ರೆ ಇದು ನಂಗೆ ಬೇಡ. ಮಾರ್ಚ್ ಕೊನೆವರೆಗೆ ಕಾಯ್ತೀನಿ, ಅದರ ಮೇಲೆ ಆಗಲ್ಲ."

ಕಂಬಳಿ ಸುತ್ತಿ ವಾಪಸ್ ತಂದೆ.

ಫೆಬ್ರವರಿ 14, ಶುಕ್ರವಾರ

ಅಣ್ಣನ ಜೊತೆ ಜಗಳ. ಏಳನೇ ಲೆನ್ಸನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ನಿಂತಿದ್ದ.

"ಉಜ್ಜೋವಾಗಲೇ ಅನ್ನಿಸಿತ್ತು ನಂಗೆ. ಇದನ್ನ ಯಾಕಿಷ್ಟು ಬಾಗಿಸಿದ್ರು ಅಪ್ಪ?"

"ನಿನ್ನ ಕೆಲಸ ಉಜ್ಜೋದು. ಅಪ್ಪನ ಲೆಕ್ಕ ನೋಡೋದಲ್ಲ."

"ಅರವತ್ತು ಜನರ ಕಣ್ಣೂ ತಪ್ಪು, ಅಪ್ಪನ ಲೆಕ್ಕ ಒಂದೇ ಸರೀನಾ?"

"ಗುಂಡಂಗೆ ಸರಿ ಇದೆ, ನಂಗೆ ಸರಿ ಇದೆ. ಇನ್ನೇನು ಬೇಕು ನಿಂಗೆ?"

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನು, ಆಯ್ತು. ಏಪ್ರಿಲ್ ಒಂದಕ್ಕೆ ನಾನು ಬೀಗದ ಕೈ ಕೊಟ್ಟುಬಿಡ್ತೀನಿ. ಸಾಕಾಗಿದೆ ನಂಗೂ."

ಲೆನ್ಸನ್ನು ಮಾತ್ರ ಹತ್ತಿಯ ಮೇಲೆ ಮೆಲ್ಲಗೆ ಇಟ್ಟು ಹೋದ. ಎಷ್ಟೇ ಕೋಪ ಬಂದರೂ ಗಾಜಿನ ಮೇಲೆ ತೋರಿಸಬಾರದೆಂದು ಅಪ್ಪ ಕಲಿಸಿದ್ದು ಇಬ್ಬರಿಗೂ ಇದೆ.

ಫೆಬ್ರವರಿ 18, ಮಂಗಳವಾರ

ಏಳೂ ಲೆನ್ಸು ಬಿಚ್ಚಿ ಅಳೆದೆ. ಗಾಜಿಗೂ ಅಪ್ಪನ ಅಂಕಿಗೂ ಕೂದಲೆಳೆ ವ್ಯತ್ಯಾಸವಿಲ್ಲ. ಮತ್ತೆ ಕೂಡಿಸಿ ಗುಂಡನನ್ನು ನೋಡಿದೆ. ಸ್ಪಷ್ಟ.

ಫೆಬ್ರವರಿ 20, ಗುರುವಾರ

ಅದೇ.

ಫೆಬ್ರವರಿ 23, ಭಾನುವಾರ

ಅಮ್ಮ ಮುಂದಿನ ಕೋಣೆಯಲ್ಲಿ ಯಾರದೋ ಮಗುವಿನ ಫ್ರಾಕು ಹೊಲಿಯುತ್ತಿದ್ದಳು. ಎಪ್ಪತ್ತು ದಾಟಿದರೂ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

"ಏನೇ ಅದು, ಹರಳೆಣ್ಣೆ ಕುಡಿದ ಹಾಗೆ ಮುಖ?"

"ಗುಂಡಂಗೆ ಸರಿಹೋಗುತ್ತೆ, ನಂಗೆ ಸರಿಹೋಗುತ್ತೆ. ಬೇರೆ ಯಾರಿಗೂ ಹೋಗ್ತಿಲ್ಲಮ್ಮ."

"ಗುಂಡ ಯಾರ ಅಳತೆ?"

"ಯಾರದ್ದೂ ಅಲ್ಲ. ಕಣ್ಣು ಅಂದ್ರೆ ಹೇಗಿರಬೇಕೋ ಹಾಗೆ."

ಅಮ್ಮ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಹಾಗೆಲ್ಲ ಇರಲ್ಲ ಕಣೇ. ಅಳತೆ ಅಂದ್ಮೇಲೆ ಯಾರದ್ದೋ ಒಬ್ಬರದ್ದು ಆಗಿರಲೇಬೇಕು. ಅಲ್ಲಿ ನೋಡು ಆ ಬೊಂಬೆ." ಮೂಲೆಯಲ್ಲಿ ಅಂಗಿ ತೊಡಿಸಿ ನೋಡುವ, ತಲೆಯಿಲ್ಲದ ಬೊಂಬೆ ನಿಂತಿತ್ತು. "ಎಲ್ಲರೂ ಅದನ್ನ ಅಂಗಡಿಯಿಂದ ತಂದಿದ್ದು ಅಂದ್ಕೊಂಡಿದ್ದಾರೆ. ನಿಮ್ಮಪ್ಪ ಮಾಡಿಕೊಟ್ಟಿದ್ದು. ಇಪ್ಪತ್ತೆರಡು ವರ್ಷದವಳಿದ್ದಾಗ ನನ್ನ ಅಳತೆ ಅದು. ಆಗ ಅಳತೆ ಕೊಡೋಕೆ ಮನೇಲಿ ಬೇರೆ ಯಾರಿದ್ರು? ಹೊಲಿಸೋಕೆ ಬಂದವರೆಲ್ಲ ನನಗಿಂತ ದಪ್ಪ. ಇವಳಿಗೆ ಹೊಂದಿಸೋದು, ಆಮೇಲೆ ಬಿಚ್ಚಿ ಬಿಚ್ಚಿ ಅವರಿಗೆ ಹೊಂದಿಸೋದು."

ಬೊಂಬೆಯನ್ನು ನೋಡಿದೆ. ನಲವತ್ತು ವರ್ಷದಿಂದ ದಿನಾ ಅದರ ಪಕ್ಕ ಓಡಾಡಿದ್ದೇನೆ. ಅಷ್ಟು ತೆಳ್ಳಗಿದ್ದಳೇ ಅಮ್ಮ?

ಅಮ್ಮ ಮತ್ತೆ ಚಕ್ರ ತಿರುಗಿಸುತ್ತ ತನ್ನ ಪಾಡಿಗೆ ಹೇಳಿದಳು. "ನೀನು ಹೊಟ್ಟೇಲಿದ್ದಾಗ ನಿಮ್ಮಪ್ಪ ಮೂರು ದಿನ ಒಂದೇ ಸಮ ಕಣ್ಣಾಸ್ಪತ್ರೆಗೆ ಹೋಗಿ ಬಂದ್ರು. ಕಣ್ಣಿಗೇನಾಯ್ತೋ ಅಂತ ನನಗೆ ಜೀವವೇ ಹೋಗಿತ್ತು. ಕೇಳಿದ್ರೆ, ಏನಿಲ್ಲ, ಅಳತೆ ಕೊಟ್ಟು ಬಂದೆ ಅಂದ್ರು. ಕಣ್ಣಿಗೂ ಅಂಗಿ ಹೊಲಿಸ್ತೀರಾ ಅಂತ ನಕ್ಕಿದ್ದೆ."

ನನಗೆ ನಗು ಬರಲಿಲ್ಲ. ನಾಳೆ ಬೇಗ ಹೋಗಬೇಕು.

ಫೆಬ್ರವರಿ 24, ಸೋಮವಾರ

ಗುಂಡನ ಎರಡು ಹೋಳು ಕೂಡುವಲ್ಲಿ ಅಪ್ಪ ಅರಗು ಹಾಕಿ ಮುಚ್ಚಿದ್ದರು. ಇದುವರೆಗೆ ಯಾರೂ ಬಿಚ್ಚಿಲ್ಲ. ತೂಕದ ಬಟ್ಟನ್ನೇ ಯಾರು ತೂಗಿ ನೋಡುತ್ತಾರೆ? ಅರಗನ್ನು ಬಿಸಿ ಮಾಡಿ ತೆಗೆದು, ಬಟ್ಟೆ ಸುತ್ತಿ ತಿರುಗಿಸಿದೆ. ಹಳೇ ನೀರು ಅಂಗೈ ಮೇಲೆ ಸುರಿಯಿತು.

ಒಳಗಿನ ಅಳತೆ, ಮುಂದಿನಿಂದ ಹಿಂದಕ್ಕೆ, ಇಪ್ಪತ್ತೇಳು ಮಿಲಿಮೀಟರಿಗೆ ಒಂದೆಳೆ ಜಾಸ್ತಿ. ಪುಸ್ತಕದಲ್ಲಿರುವ ಕಣ್ಣು ಇಪ್ಪತ್ನಾಲ್ಕು. ಮೂರು ಮಿಲಿಮೀಟರ್ ಅಂದರೆ ನಮ್ಮ ಕಸುಬಿನಲ್ಲಿ ಮೂರು ಮೈಲಿ.

ತಿರುಪಿನ ಸುತ್ತುಗಳ ಕೆಳಗೆ, ಕೂಡಿಸಿದಾಗ ಯಾರಿಗೂ ಕಾಣದ ಜಾಗದಲ್ಲಿ, ಸೂಜಿಮೊನೆಯಿಂದ ಗೀಚಿದ ಅಕ್ಷರ. ಭೂತಗನ್ನಡಿ ಹಿಡಿದು ಓದಿದೆ.

ಎಡ. 27.1. ನಾನು.

ನಲವತ್ತು ವರ್ಷದ ಪುಸ್ತಕಗಳಲ್ಲಿ ಎಲ್ಲೂ ಬರೆಯದ ಮಾತನ್ನು ಇಲ್ಲಿ ಬರೆದಿದ್ದಾರೆ. ನೆಲದ ಮೇಲೆ ಕೂತು ಅತ್ತೆ. ಅಣ್ಣ ಇನ್ನೂ ಬಂದಿರಲಿಲ್ಲ, ಸದ್ಯ.

ಫೆಬ್ರವರಿ 25, ಮಂಗಳವಾರ

ಡಾಕ್ಟರಮ್ಮನ ಹತ್ತಿರ ಹೋಗಿ ನನ್ನ ಕಣ್ಣು ಅಳೆಸಿಕೊಂಡೆ. ಕಣ್ಣಿಗೆ ಪೆನ್ನಿನಂಥದ್ದೊಂದನ್ನು ಮುಟ್ಟಿಸಿ, ಕಿವಿಗೆ ಕೇಳದ ಸದ್ದಿನಿಂದ ಉದ್ದ ಅಳೆಯುತ್ತಾರೆ. ಎಡಗಣ್ಣು 26.9.

"ಬಹಳ ಉದ್ದದ ಕಣ್ಣು ನಿಮ್ಮದು. ಇಷ್ಟ್ ದಪ್ಪ ಕನ್ನಡಕ ಹಾಕ್ಕೊಂಡು ನಿಮಗೆ ಗೊತ್ತಿರಲಿಲ್ವಾ?" ಅಂದರು.

ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೂ ಒಂದಕ್ಕೊಂದು ಕೂಡಿಸಿ ನೋಡಲೇ ಇಲ್ಲ. ಗುಂಡನಿಗೂ ಸರಿ, ನನಗೂ ಸರಿ, ಇಬ್ಬರು ಸಾಕ್ಷಿ ಹೇಳಿದ ಮೇಲೆ ಇನ್ನೇನು ಅಂದುಕೊಂಡೆ. ಎರಡೂ ಅಪ್ಪನ ಕಣ್ಣೇ. ಒಂದನ್ನು ಹಿತ್ತಾಳೆಯಲ್ಲಿ ಮಾಡಿದರು, ಇನ್ನೊಂದು ನನಗೆ ಹುಟ್ಟಿನಿಂದ ಬಂತು. ಹಳೇ ಕ್ಯಾಮೆರಾಗಳು ನಡುವನ್ನಷ್ಟೇ ತೋರಿಸುತ್ತಿದ್ದವು, ಯಾರ ಕಣ್ಣಿಗಾದರೂ ಫೋಕಸ್ ಚೂರು ತಿರುಗಿಸಿದರೆ ಸಾಕಾಗುತ್ತಿತ್ತು, ಗುಂಡನ ಉದ್ದ ಯಾರಿಗೂ ಅಡ್ಡ ಬರಲಿಲ್ಲ. ಮೂಲೆ ಮೂಲೆ ಕಾಣಬೇಕು ಎಂದು ಹೊರಟಾಗ ಕಣ್ಣಿನ ಹಿಂಗೋಡೆಯ ಬಾಗು ಒಬ್ಬೊಬ್ಬರಿಗೆ ಒಂದೊಂದು ಥರ. ಅಪ್ಪ ಏಳನೇ ಲೆನ್ಸನ್ನು ಅಷ್ಟು ಬಾಗಿಸಿದ್ದು ತಮ್ಮ ಗೋಡೆಗೆ.

ಈ ಕ್ಯಾಮೆರಾಕ್ಕೆ ಹೊಂದುವ ಕಣ್ಣು ಲೋಕದಲ್ಲಿ ಈಗ ನನ್ನದೊಂದೇ. ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತ ಇಳಿಯುವ ಸ್ಟಾಪು ದಾಟಿ ಹೋದೆ. ಸಿಟ್ಟೂ ಬಂತು. ಯಾಕೆ ಹೇಳಲಿಲ್ಲ ಅಪ್ಪಾ? ಮರೆತೇಬಿಟ್ಟಿರಾ?

ಫೆಬ್ರವರಿ 27, ಗುರುವಾರ

ಅಣ್ಣನಿಗೆ ತೋರಿಸಿದೆ. ಭೂತಗನ್ನಡಿ ಬೇಕಾಗಲಿಲ್ಲ ಅವನಿಗೆ, ಬರಿಗಣ್ಣಿನಲ್ಲೇ ಓದಿದ. ಮೊದಲು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. "ನಲವತ್ತು ವರ್ಷ! ಬರೋ ಗಿರಾಕಿಗಳಿಗೆಲ್ಲ ಅಪ್ಪ ತಮ್ಮ ಕಣ್ಣನ್ನೇ ತೋರಿಸಿ ಕ್ಯಾಮೆರಾ ಕೊಟ್ಟಿದ್ದಾರಲ್ಲೇ!" ಆಮೇಲೆ ನಗು ಎಲ್ಲೋ ಸಿಕ್ಕಿಕೊಂಡಿತು. ಕೈ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡ, ಕೆಂಪು ಪುಡಿ ಕೆನ್ನೆಗೆಲ್ಲ ಹತ್ತಿತು.

"ನೀನು ಇದನ್ನ ಕೂಡಿಸಿದ ದಿನ ನಾನೊಂದು ಸಲ ಮುಂದೆ ಕೂತಿದ್ರೆ ಆವತ್ತೇ ಗೊತ್ತಾಗ್ತಿತ್ತು" ಅಂದ. "ಹಳೇ ಕ್ಯಾಮೆರಾಗಳಿಗೇ ಎಷ್ಟು ಸಲ ಕರೆದ್ರು ಅಪ್ಪ. ಆ ಬೆಳಕು ಕಣ್ಣಿಗೆ ಹೊಡೆದ್ರೆ ತಲೆ ಸುತ್ತುತ್ತೆ ಅಂತ ತಪ್ಪಿಸ್ಕೊಂಡೆ."

"ನಾನು ಕೂತೆನಲ್ಲ, ಅದಕ್ಕೇ ಅವರು ಬಲವಂತ ಮಾಡ್ಲಿಲ್ಲ. ತಪ್ಪು ನಂದೂ ಇದೆ."

ಇಬ್ಬರೂ ಟೀ ಕುಡಿದೆವು. ಗುಂಡನ ಎರಡು ಹೋಳು ಮೇಜಿನ ಮೇಲೆ ಬೋರಲಾಗಿದ್ದವು.

"ಈಗೇನು ಮಾಡ್ತೀಯಾ ಸೋಡಾಬುಡ್ಡಿ?"

ಏಳನೇ ಲೆನ್ಸು ಬದಲಾಯಿಸಬೇಕು, ಅಂದೆ. ಅಂದದ್ದೇನೋ ಅಂದೆ.

ಮಾರ್ಚ್ 3, ಸೋಮವಾರ

ಅಪ್ಪನ ಕೊನೆಯ ಅಂಕಿ ಈ ಪುಸ್ತಕದಲ್ಲೇ, ಹನ್ನೆರಡು ಹಾಳೆ ಹಿಂದೆ ಇದೆ. ಅಲ್ಲಿಗೆ ಬರುವ ಹೊತ್ತಿಗೆ ಕೈ ನಡುಗಲು ಶುರುವಾಗಿತ್ತು ಅವರಿಗೆ, ಏಳು ಒಂದರಂತೆ ಕಾಣುತ್ತದೆ. ರಬ್ಬರು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಅಳಿಸಲು ಮನಸ್ಸಾಗಲಿಲ್ಲ. ಅದನ್ನು ಹಾಗೇ ಬಿಟ್ಟು ಹೊಸ ಹಾಳೆಯಲ್ಲಿ ಶುರು ಮಾಡಿದೆ.

ಡಾಕ್ಟರಮ್ಮ ನಲವತ್ತು ಜನರ ಅಳತೆ ಕಳಿಸಿದ್ದಾರೆ. ಬೆಳಿಗ್ಗೆಯಿಂದ ಒಂದೊಂದೇ ಕಿರಣವನ್ನು ಪಾಪೆಯಿಂದ ಗೋಡೆಯವರೆಗೆ ಲೆಕ್ಕದಲ್ಲಿ ನಡೆಸಿದೆ. ಸ್ಟೂಲಿನಲ್ಲಿ ಬೆನ್ನು ಹಿಡಿದುಕೊಂಡಿತು, ಕುರ್ಚಿಗೆ ದಿಂಬು ಹಾಕಿಕೊಂಡು ಕೂತು ಮುಗಿಸಿದೆ. ಮಧ್ಯದಲ್ಲಿ ಪೆನ್ಸಿಲ್ ಮೊನೆ ಮುರಿಯಿತು, ಕೈಗೆ ಸಿಕ್ಕ ಪೆನ್ನಿನಲ್ಲಿ ಬರೆದೆ. ಲೆಕ್ಕ ಸರಿಯಾಗಿಯೇ ಬರುತ್ತಿದೆ.

ಮಾರ್ಚ್ 9, ಭಾನುವಾರ

ಅಣ್ಣ ಹೊಸ ಗುಂಡನನ್ನು ಕಡೆದು ಮನೆಗೆ ತಂದಿದ್ದ. ಅಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದು ಯಾರ ಅಳತೆ?"

"ನಲವತ್ತು ಜನರದ್ದು ಕೂಡಿಸಿ ಭಾಗಿಸಿದ್ದಮ್ಮ."

"ಹಾಗಾದ್ರೆ ನಲವತ್ತು ಜನರಿಗೂ ಸರಿ ಹೋಗಲ್ಲ."

ಅಣ್ಣ ಜೋರಾಗಿ ನಕ್ಕ. ಅಮ್ಮ ಮುಖ ಊದಿಸಿಕೊಂಡಳು. "ನಗು ನಗು. ಐವತ್ತು ವರ್ಷ ಹೊಲಿದಿದ್ದೀನಿ ನಾನು. ಎಲ್ಲರ ಅಳತೆ ಕೂಡಿಸಿ ಹೊಲಿದ್ರೆ ತೆಳ್ಳಗಿರೋರಿಗೆ ದೊಗಲೆ, ದಪ್ಪಗಿರೋರಿಗೆ ಬಿಗಿ. ಒಳಗಡೆ ಬಟ್ಟೆ ಬಿಟ್ಟು ಹೊಲಿಬೇಕು, ಬೇಕಾದವರಿಗೆ ಬಿಚ್ಚಿ ದೊಡ್ಡದು ಮಾಡೋ ಹಾಗೆ. ಉದ್ದ ಕಣ್ಣಿರೋರು ಎಲ್ಲಿಗೆ ಹೋಗ್ಬೇಕು? ನಿಮ್ಮಪ್ಪನಂಥೋರು?"

ಅಣ್ಣನೂ ನಾನೂ ಮುಖ ಮುಖ ನೋಡಿಕೊಂಡೆವು. ಏಳನೇ ಲೆನ್ಸಿನ ಜಾಗದಲ್ಲಿ ಸರಿಸುವ ಒಂದು ಪಟ್ಟಿ. ಅದರಲ್ಲಿ ಪಕ್ಕ ಪಕ್ಕ ಎರಡು ಗಾಜು. ಹೊಸದು ಎಲ್ಲರಿಗೆ. ಪಟ್ಟಿಯನ್ನು ಟಕ್ಕೆಂದು ತಳ್ಳಿದರೆ ಅಪ್ಪನದು.

"ತಳ್ಳೋ ಪಟ್ಟೀನ ನಾನು ಮಾಡ್ತೀನಿ. ಎರಡೂ ಗಾಜು ಒಂದೇ ನೇರಕ್ಕೆ ಬಂದು ನಿಲ್ಲಬೇಕು, ಅಷ್ಟೇ ತಾನೇ?" ಅಂದ ಅಣ್ಣ. ಅಷ್ಟೇ ಅಂತೆ. ಅಷ್ಟಕ್ಕೇ ಒಂದು ವಾರ ನಿದ್ದೆ ಹೋಗುತ್ತದೆ ಅವನಿಗೆ, ನನಗೆ ಗೊತ್ತು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಅಣ್ಣ ನನ್ನ ಕುರ್ಚಿಗೆ ಕೋಟು ನೇತುಹಾಕಿದ್ದ. ತೆಗೆದು ಮೊಳೆಗೆ ಹಾಕಿದೆ.

ಹೊಸ ಲೆನ್ಸು ಸಿದ್ಧ. ಹಾಕಿ ನೋಡಿದರೆ ಕರೆಯದೇ ಬಂದ ನೆಂಟ ಹಾಜರು. ಗಾಜಿನ ಮೈಯಿಂದ ಬೆಳಕು ಹಿಂದಕ್ಕೆ ಚಿಮ್ಮಿ ಫೋಟೋದ ನಡುವೆ ಬಿಳಿ ಕಲೆಯಾಗಿ ಕೂರುವುದಕ್ಕೆ ಅಪ್ಪ ಇಟ್ಟ ಹೆಸರು ಅದು. ಅವನನ್ನು ಓಡಿಸಲು ಬೆಳಕು ಬರುವ ದಾರಿಯಲ್ಲಿ ಒಂದು ತೆಳು ಗಾಜಿಟ್ಟು, ಅದರ ಮೇಲೆ ಸರಿಯಾದ ಜಾಗದಲ್ಲಿ ಸಾಸಿವೆಯಷ್ಟೂ ಇಲ್ಲದ ಕಪ್ಪು ಚುಕ್ಕೆ ಇಡಬೇಕು. ಚೂರು ದೊಡ್ಡದಾದರೆ ಕಣ್ಣೊಳಗೆ ನೆರಳು, ಚೂರು ಚಿಕ್ಕದಾದರೆ ನೆಂಟ ಹೋಗುವುದಿಲ್ಲ. ಈ ಚುಕ್ಕೆ ಯಾವಾಗಲೂ ಅಪ್ಪನೇ ಇಡುತ್ತಿದ್ದರು, ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲು. ನಾನು ಅವರ ಕನ್ನಡಕ ಹಿಡಿದು ನಿಂತಿರುತ್ತಿದ್ದೆ, ನಾನೂ ಉಸಿರು ಬಿಟ್ಟು.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಹತ್ತಿರದ್ದು ನೋಡಲು ನಮ್ಮಂಥವರ ಬರಿಗಣ್ಣಿಗೆ ಸಮ ಇಲ್ಲ. ನಾಲ್ಕು ಸಲ ಕೆಟ್ಟಿತು. ಐದನೆಯದಕ್ಕೆ ನೆಂಟ ಹೋದ.

ಹೊಸ ಗುಂಡನನ್ನು ನೋಡಿದೆ, ಅಂಚಿನವರೆಗೆ ಸ್ಪಷ್ಟ. ಆಮೇಲೆ, "ಬಾ ಅಣ್ಣಾ" ಅಂದೆ. ಹನಿ ಹಾಕಿಸಿಕೊಂಡು, ಹಲ್ಲು ಕಚ್ಚಿ, ಹಲ್ಲು ಕೀಳಿಸಿಕೊಳ್ಳುವವನಂತೆ ಕೂತ. ನಮ್ಮಣ್ಣನ ಕಣ್ಣೊಳಗೆ ಮೊದಲ ಸಲ ನೋಡಿದೆ. ತುಂಬ ಚೆನ್ನಾಗಿದೆ. ಹಾಗೆಂದು ಅವನಿಗೆ ಹೇಳಲಿಲ್ಲ, ತಲೆ ಮೇಲೆ ಕೂರುತ್ತಾನೆ.

ಕೊನೆಗೆ ನಾನು ಕೂತೆ. ಅಣ್ಣ ಬಟನ್ ಒತ್ತಿದ. ಹೊಸ ಲೆನ್ಸಿನಲ್ಲಿ ನನ್ನ ಅಂಚು ಪೂರಾ ಮಸುಕು. ಪಟ್ಟಿ ತಳ್ಳಿದ, ಟಕ್. ಅಪ್ಪನ ಗಾಜು ಬಂತು. ಎಲ್ಲ ಕಂಡಿತು. ಇಷ್ಟೆಲ್ಲ ಕೆಲಸ ಮಾಡಿ ಪಟ್ಟಿಯಲ್ಲಿ ಈ ಗಾಜು ಉಳಿಸಿಕೊಂಡದ್ದು ನನ್ನೊಬ್ಬಳಿಗಾಗಿಯೇ ಇರಬಹುದು ಅನ್ನಿಸಿತು.

ಮಾರ್ಚ್ 28, ಶುಕ್ರವಾರ

ಒಪ್ಪಿದರು! ಐವತ್ತಮೂರು ಜನರ ಫೋಟೋ, ಎಲ್ಲದರಲ್ಲೂ ಅಂಚಿದೆ. ಎರಡನೇ ಗಾಜು ಯಾರಿಗೂ ಬೇಕಾಗಲಿಲ್ಲ. "ಇದನ್ನ ತೆಗೆದುಬಿಟ್ರೆ ಕ್ಯಾಮೆರಾ ಹಗುರ ಆಗುತ್ತಲ್ವಾ?" ಎಂದು ಡಾಕ್ಟರಮ್ಮ ಕೇಳಿದರು. ಇರಲಿ, ಅಂದೆ. ಯಾಕೆ ಅಂದರು. ಒಳಗಡೆ ಬಟ್ಟೆ ಬಿಟ್ಟು ಹೊಲಿದಿದ್ದೇವೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು.

ಮಂಚ-ಮೇಜಿನ ಅಂಗಡಿಯವನಿಗೆ ಅಣ್ಣ ತಾನೇ ಹೋಗಿ ಹೇಳಿ ಬಂದ. ಬರುವಾಗ ಸೀಟಿ ಹಾಕುತ್ತಿದ್ದ.

ಏಪ್ರಿಲ್ 3, ಗುರುವಾರ

ಸಂಜೆ ಆರಕ್ಕೆ ಆಸ್ಪತ್ರೆಯ ಫೋಟೋದಾಕೆ ಫೋನ್ ಮಾಡಿದಳು. ಏನೋ ಕೆಟ್ಟಿತು ಅಂದುಕೊಂಡೆ.

"ಮೇಡಂ, ಇವತ್ತು ಒಬ್ಬರು ಬಂದಿದ್ರು. ಮನೆ ಮನೆಗೆ ಟಪಾಲು ಹಂಚೋರು. ಕಣ್ಣಲ್ಲಿ ಮಿಂಚು ಹೊಡೆದ ಹಾಗಾಗುತ್ತೆ ಅಂದ್ರು. ಮೊದಲನೇದ್ರಲ್ಲಿ ಅಂಚು ಬರ್ಲೇ ಇಲ್ಲ. ನಿಮ್ಮ ಫೋಟೋ ನೆನಪಾಯ್ತು ನಂಗೆ. ಅವರದ್ದೂ ನಿಮ್ಮ ಥರಾನೇ ದಪ್ಪ ಕನ್ನಡಕ. ಪಟ್ಟಿ ತಳ್ಳಿದೆ."

"ಬಂತಾ?"

"ಬಂತು ಮೇಡಂ. ಮೇಲುಗಡೆ ಅಂಚಲ್ಲಿ ಹರಿದಿತ್ತು, ಲಾಳದ ಆಕಾರಕ್ಕೆ. ಡಾಕ್ಟರಮ್ಮ ಆಗಲೇ ಕೂರಿಸ್ಕೊಂಡು ಲೇಸರಲ್ಲಿ ಸುತ್ತ ಬೆಸುಗೆ ಹಾಕಿದ್ರು. ಇನ್ನೊಂದು ವಾರ ಬಿಟ್ಟಿದ್ರೆ ಕಣ್ಣೇ ಹೋಗ್ತಿತ್ತಂತೆ. ನಿಮಗೆ ಹೇಳ್ಬೇಕು ಅನ್ನಿಸ್ತು, ಅದಕ್ಕೆ ಮಾಡಿದೆ."

ಆವತ್ತು ಆಕೆಯ ಮಾತನ್ನು ವ್ಯಂಗ್ಯ ಅಂದುಕೊಂಡಿದ್ದೆ. ಆಕೆ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಥ್ಯಾಂಕ್ಸ್ ಹೇಳಿದೆ, ಎರಡು ಸಲ. ಆಮೇಲೆ ಆ ಕಣ್ಣಿನ ಉದ್ದ ಎಷ್ಟು ಎಂದು ಕೇಳಿದೆ. ಹಾಳೆ ತಿರುವಿ ಹೇಳಿದಳು.

ಮನೆಗೆ ಬಂದಾಗ ಅಮ್ಮ ಬೊಂಬೆಗೆ ಅಂಗಿ ತೊಡಿಸಿ ಗುಂಡುಸೂಜಿ ಚುಚ್ಚುತ್ತಿದ್ದಳು. ಎಲ್ಲ ಹೇಳಿದೆ, ಟಪಾಲಿನವರು, ಮಿಂಚು, ಹರಿದದ್ದು, ಉಳಿದದ್ದು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೂಂ, ಹೂಂ ಅನ್ನುತ್ತಿದ್ದಳು.

"ಇಪ್ಪತ್ತೇಳು ಪಾಯಿಂಟ್ ಒಂದಂತೆ ಅಮ್ಮ."

ಅಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಬೊಂಬೆಯ ಭುಜದ ಮೇಲಿನ ಬಟ್ಟೆಯನ್ನು ಕೈಯಿಂದ ನೇವರಿಸಿದಳು.

"ಅವರನ್ನ ಒಂದು ಸಲ ಮನೆಗೆ ಕರ್ಕೊಂಡು ಬಾ" ಅಂದಳು. "ಕನ್ನಡಕ ತೆಗೆಸಿ ನೋಡ್ಬೇಕು."